ಮುಳ್ಳು ಚುಚ್ಚಿದ ಗಂಟಿಗೆ ಸುಮ್ನೆ ಟ್ಯೂಬ್ ಹಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ,

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಗುಲಾಬಿ ತೋಟ. ಹೂವು ಬಿಡಿಸುವಾಗ ಮುಳ್ಳು ಚುಚ್ಚೋದು ದಿನಾ ಇದ್ದದ್ದೇ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಹೋದ ವರ್ಷ ನನ್ನ ಹೆಂಡತಿಯ ತೋರುಬೆರಳಿಗೆ ಚುಚ್ಚಿದ ಜಾಗದಲ್ಲಿ ಮೂರು ವಾರ ಕಳೆದ ಮೇಲೆ ಕಡಲೆಕಾಳಿನಷ್ಟು ಗಂಟು ಎದ್ದಿತು. ಒಡೆದು ಹುಣ್ಣಾಯಿತು. ಆಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ಗಂಟುಗಳು. ನೋವು ಜಾಸ್ತಿ ಇರಲಿಲ್ಲ, ಅದಕ್ಕೇ ನಾವೂ ತಡ ಮಾಡಿದೆವು. ಕುರು ಅಂತ ಎರಡು ಸಲ ಆ್ಯಂಟಿಬಯಾಟಿಕ್ ಆಯಿತು, ಮೆಡಿಕಲ್ ಶಾಪಿನವರು ಕೊಟ್ಟ ಸ್ಟೀರಾಯ್ಡ್ ಟ್ಯೂಬೂ ಆಯಿತು, ಹುಣ್ಣು ಇನ್ನೂ ಅಗಲವಾಯಿತು. ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ನಿಯಮ ಬಂದಿದೆ, ಅಲ್ವಾ?

ನಾಲ್ಕು ತಿಂಗಳ ಮೇಲೆ ಬೆಂಗಳೂರಿನಲ್ಲಿ ಒಬ್ಬ ಚರ್ಮದ ಡಾಕ್ಟರು ಮೊದಲು ಕೇಳಿದ್ದೇ, "ಏನು ಕೆಲಸ ಮಾಡ್ತೀರಮ್ಮ?" ಗುಲಾಬಿ ಅಂದ ತಕ್ಷಣ ಇದು ಫಂಗಸ್ ಇರಬಹುದು ಅಂತ ಅವರಿಗೆ ಅನುಮಾನ ಬಂತು. ಗಂಟಿನಿಂದ ಚೂರು ತೆಗೆದು ಎರಡು ಡಬ್ಬಿಗೆ ಹಾಕಿದರು, ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಫಾರ್ಮಲಿನ್‌ನಲ್ಲಿ ಫಂಗಸ್ ಸತ್ತುಹೋಗುತ್ತದೆ, ಆಮೇಲೆ ಕಲ್ಚರಿಗೆ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡುವ ಟೆಸ್ಟಿಗೆ, ಕೊಟ್ಟರೂ ಏನೂ ಬೆಳೆಯುವುದಿಲ್ಲ. ಈ ಕಾಯಿಲೆಯಲ್ಲಿ ಮೈಕ್ರೋಸ್ಕೋಪಿನಡಿ ಫಂಗಸ್ ಎಷ್ಟೋ ಸಲ ಕಣ್ಣಿಗೇ ಬೀಳುವುದಿಲ್ಲವಂತೆ, ಕಲ್ಚರಿನಲ್ಲೇ ಗೊತ್ತಾಗಬೇಕು. ಹನ್ನೆರಡನೇ ದಿನಕ್ಕೆ ಬೆಳೆದು ಹೆಸರು ಸಿಕ್ಕಿತು: ಸ್ಪೋರೋಟ್ರೈಕೋಸಿಸ್. ಮಣ್ಣು, ಮುಳ್ಳು, ಒಣಹುಲ್ಲು, ಕೊಳೆತ ಕಟ್ಟಿಗೆಯಲ್ಲಿರುವ ಫಂಗಸ್ ಇದು. 1940ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಸುಮಾರು 3,000 ಕಾರ್ಮಿಕರಿಗೆ ಇದೇ ಬಂದಿತ್ತು, ಸುರಂಗಕ್ಕೆ ಆಸರೆ ಕೊಟ್ಟಿದ್ದ ಮರದ ದಿಮ್ಮಿಗಳಿಂದ. ಪಕ್ಕದಲ್ಲೇ ಕೆಜಿಎಫ್ ಇಟ್ಟುಕೊಂಡ ನಮಗೆ ಇದು ಗೊತ್ತಿರಬೇಕಿತ್ತು ಅನ್ನಿಸಿತು.

ಫಂಗಸ್‌ಗೆ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಐದು ತಿಂಗಳು ತಗೊಂಡಳು. ಊಟದ ಜೊತೆಗೇ ನುಂಗಬೇಕು, ಗ್ಯಾಸ್ಟ್ರಿಕ್ ಮಾತ್ರೆ ಜೊತೆಗಿದ್ದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಲಿವರ್ ಟೆಸ್ಟ್ ಮಾಡಿಸುತ್ತಿರಬೇಕು. ಗಂಟು ಇಳಿದ ಮೇಲೂ ಕೆಲವು ವಾರ ಬಿಡಬಾರದು. ಈಗ ಕೈಯಲ್ಲಿ ಕಲೆ ಮಾತ್ರ ಉಳಿದಿದೆ.

ನಮ್ಮ ಜಿಲ್ಲೆಯ ಆರೋಗ್ಯ ಇಲಾಖೆಯವರಲ್ಲಿ ಒಂದೇ ಬೇಡಿಕೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಫಂಗಸ್ ಕಲ್ಚರ್ ಮಾಡುವ ಲ್ಯಾಬೇ ಬೇಕು ಅಂತ ಕೇಳುತ್ತಿಲ್ಲ. ವಾಸಿಯಾಗದ ಗಂಟಿನ ಚೂರನ್ನು ಸಲೈನ್‌ನಲ್ಲಿ ಹಾಕಿ, ಕಲ್ಚರ್ ಮಾಡುವ ಲ್ಯಾಬಿಗೆ ಕಳಿಸುವ ಏರ್ಪಾಡು ಮಾಡಿ, ಅಷ್ಟು ಸಾಕು. ಕೂಲಿಗೆ ಬಂದು ಬರಿಗೈಯಲ್ಲಿ ಹೂವು ಬಿಡಿಸುವ ಹೆಂಗಸರು ಒಂದು ದಿನದ ಕೂಲಿ ಬಿಟ್ಟು ಬೆಂಗಳೂರಿಗೆ ಹೋಗುವುದು ಹೇಗೆ?

– ಒಬ್ಬ ಗುಲಾಬಿ ಬೆಳೆಗಾರ, ಚಿಕ್ಕಬಳ್ಳಾಪುರ ತಾಲ್ಲೂಕು