459 ಕಂಡರೆ ಹೆದರಬೇಡಿ

ಮಾನ್ಯ ಸಂಪಾದಕರೇ,

ಪ್ಯಾಕೆಟ್ ಮೇಲೆ 459 ಅಂತ ಇದ್ದರೆ ಕೊಳ್ಳಬೇಡಿ, ಅದು ಕೆಮಿಕಲ್ ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದಾರೆ. ಅದನ್ನು ಓದಿ ಸಿದ್ದಾಪುರದ ನಮ್ಮ ಅತ್ತಿಗೆ ಮಾತ್ರೆ ಡಬ್ಬಿ ಹಿಡಿದುಕೊಂಡೇ ಫೋನ್ ಮಾಡಿದರು: "ಇದರಲ್ಲೂ ಅದೇ ಇದೆಯಲ್ಲೇ, ಎಸೆದುಬಿಡ್ಲಾ?"

459 ಅಂದರೆ ಬೀಟಾ ಸೈಕ್ಲೋಡೆಕ್ಸ್ಟ್ರಿನ್ ಎಂಬ ಬಿಳಿ ಪುಡಿಗೆ ಆಹಾರ ಪ್ಯಾಕೆಟ್ ಮೇಲೆ ಹಾಕುವ ಸಂಕೇತ ಸಂಖ್ಯೆ. ಹುಟ್ಟು ಪಿಷ್ಟದಿಂದ. ಬ್ಯಾಕ್ಟೀರಿಯಾದ ಒಂದು ಕಿಣ್ವ ಪಿಷ್ಟದ ಸರಪಳಿಯನ್ನು ಕತ್ತರಿಸಿ, 7 ಗ್ಲೂಕೋಸ್‌ಗಳನ್ನು ಉಂಗುರವಾಗಿ ಜೋಡಿಸುತ್ತದೆ. 1891ರಲ್ಲೇ ಇದನ್ನು ಕಂಡಿದ್ದರು. ಇದರ ಅಣುವಿನ ಆಕಾರ ತಳವಿಲ್ಲದ ಲೋಟದ ಹಾಗೆ. ಹೊರಮೈಗೆ ನೀರು ಇಷ್ಟ, ಒಳಗೆ ಎಣ್ಣೆಯ ಗುಣ. ಹಾಗಾಗಿ ನೀರಿಗೆ ಸೇರದ ಅಣುಗಳು ಬಂದು ಒಳಗೆ ಕೂರುತ್ತವೆ.

ಪಿಯು ಮಕ್ಕಳಿಗೆ ನಾನು ತೋರಿಸುತ್ತಿದ್ದುದು ಹೀಗೆ. ವಾಷಿಂಗ್ ಸೋಡಾ ಕರಗಿಸಿದ ನೀರಿಗೆ, ಕ್ಷಾರದಲ್ಲಿ ಗುಲಾಬಿಯಾಗಿ ಆಮ್ಲದಲ್ಲಿ ಬಣ್ಣ ಕಳೆದುಕೊಳ್ಳುವ ಫಿನಾಲ್ಫ್‌ಥಲೀನ್ ಎರಡು ಹನಿ ಬಿಟ್ಟರೆ ಗುಲಾಬಿ ಬಣ್ಣ. ಅದಕ್ಕೆ ಈ ಬಿಳಿ ಪುಡಿ ಚಿಟಿಕೆಯಷ್ಟು ಹಾಕಿ ಅಲ್ಲಾಡಿಸಿದರೆ ಬಣ್ಣ ಮಾಯ. "ಮೇಡಂ, ಆಸಿಡ್ ಹಾಕಿದ್ರಿ" ಅಂತ ಗಲಾಟೆ. ಪಿಹೆಚ್ ಕಾಗದ ಅದ್ದಿದರೆ ನೀರು ಇನ್ನೂ ಕ್ಷಾರವೇ! ಫಿನಾಲ್ಫ್‌ಥಲೀನ್ ಲೋಟದೊಳಗೆ ಕೂತು, ಬಣ್ಣವಿಲ್ಲದ ರೂಪಕ್ಕೆ ತಿರುಗಿರುತ್ತದೆ, ಅಷ್ಟೇ.

ನನಗೆ ಇದಕ್ಕಿಂತ ಮಜಾ ಅನಿಸುವುದು ಜೋಡಿ ಲೋಟ. 1989ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೆಸ್ಲೋ ತಂಡ ಎರಡು ಸೈಕ್ಲೋಡೆಕ್ಸ್ಟ್ರಿನ್‌ಗಳನ್ನು ಕೊಂಡಿ ಹಾಕಿ ಸೇರಿಸಿತು. ಎರಡೂ ತುದಿ ಎಣ್ಣೆ ಗುಣದ ಅಣುವನ್ನು ಕೊಟ್ಟು ನೋಡಿದರು. ಒಂಟಿ ಲೋಟ ಅಣುವನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು ಅಳೆಯುವ ಅಂಕಿ ಹತ್ತು ಸಾವಿರದ ಆಸುಪಾಸು ಅಂದುಕೊಳ್ಳಿ. ಜೋಡಿಯದು ಇಪ್ಪತ್ತು ಸಾವಿರ ಅಲ್ಲ, ಹತ್ತು ಕೋಟಿಯನ್ನೂ ದಾಟಿತು! ಒಂದು ತುದಿ ಒಳಗೆ ಕೂತ ಮೇಲೆ ಇನ್ನೊಂದು ತುದಿ ನೀರೆಲ್ಲ ಅಲೆಯಬೇಕಿಲ್ಲ, ಎರಡನೇ ಲೋಟ ಪಕ್ಕದಲ್ಲೇ ಇರುತ್ತದಲ್ವಾ? ಆದರೆ ಕೊಂಡಿಯ ಅಳತೆ ಸರಿಯಿರಬೇಕು. ಸಡಿಲವಾಗಿ ಜೋಲಾಡುವ ಉದ್ದ ಕೊಂಡಿಯಾದರೆ ಲಾಭ ಕಡಿಮೆ.

ನಮ್ಮ ಅರಿಶಿನದ ಕರ್ಕ್ಯುಮಿನ್‌ಗೂ ಇಂಥದ್ದೇ ಎರಡು ತುದಿ ಇದೆ. ಅದು ನೀರಿಗೆ ಸೇರುವುದಿಲ್ಲ. ಹೇಗೋ ಸೇರಿಸಿದರೂ, ರಕ್ತದಷ್ಟು ಕ್ಷಾರವಿರುವ ನೀರಿನಲ್ಲಿ ಬೇಗ ಹಾಳಾಗುತ್ತದೆ. ಆಸ್ಟ್ರೇಲಿಯಾದವರು 8 ಗ್ಲೂಕೋಸ್‌ನ ಗಾಮಾ ಲೋಟಗಳನ್ನು ಜೋಡಿ ಮಾಡಿ, ಅದರಲ್ಲಿ ಕರ್ಕ್ಯುಮಿನ್ ಜಾಸ್ತಿ ಹೊತ್ತು ಕೆಡದೆ ಉಳಿಯುವುದನ್ನು ತೋರಿಸಿದ್ದಾರೆ. ಹಾಗಂತ ನಾಳೆಯೇ ಮಾತ್ರೆ ಬರುತ್ತದೆ ಅಂತಲ್ಲ. ಅದು ಲ್ಯಾಬಿನ ಕೆಲಸ. ಅತ್ತಿಗೆಯ ಡಬ್ಬಿಯಲ್ಲಿರುವುದು ಒಂಟಿಯೇ.

ಕೊನೆಗೊಂದು ಮಾತು, ಜಿಲ್ಲೆಯ ಪಿಯು ಉಪನ್ಯಾಸಕರಿಗೆ. ಫಿನಾಲ್ಫ್‌ಥಲೀನ್ ಲ್ಯಾಬಿನಲ್ಲಿ ಹೇಗೂ ಇರುತ್ತದೆ. ಈ ಸಲ ಇಂಡೆಂಟ್ ಹಾಕುವಾಗ ಬೀಟಾ ಸೈಕ್ಲೋಡೆಕ್ಸ್ಟ್ರಿನ್ ಒಂದು ಸಣ್ಣ ಬಾಟಲಿ ಸೇರಿಸಿ. ಚಿಟಿಕೆ ಸಾಕಾಗುವುದರಿಂದ ವರ್ಷಗಟ್ಟಲೆ ಬರುತ್ತದೆ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ, ಶಿರಸಿ