ಡಿಎಪಿ ಜೊತೆ ಮೈಕೋರೈಜಾ ‘ಲಿಂಕ್’ ಯಾಕೆ?

ಮಾನ್ಯ ಸಂಪಾದಕರೇ,

ಮುಂಗಾರು ಬಂತೆಂದರೆ ಡಿಎಪಿ ಗೊಬ್ಬರದ ಪಾಳಿಯ ಫೋಟೊ ನಿಮ್ಮ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ಈ ಸಲ ಅಂಥ ಪಾಳಿಯಲ್ಲಿ ನಾನೂ ನಿಂತಿದ್ದೆ. ಚೀಲ ಬೇಕಾದರೆ ಮೈಕೋರೈಜಾ (ಬೇರಿಗೆ ರಂಜಕ, ಅಂದರೆ ಫಾಸ್ಫರಸ್, ಒದಗಿಸುವ ಶಿಲೀಂಧ್ರ) ಪ್ಯಾಕೆಟ್ ‘ಲಿಂಕ್’, ಅದನ್ನೂ ಕೊಳ್ಳಲೇಬೇಕು ಅಂದರು. ಎರಡನ್ನೂ ಕೂಡಿಸಿ ಮೆಣಸಿನಕಾಯಿ ಸಸಿಯ ಬುಡಕ್ಕೆ ಹಾಕಿ ಅಂತ ಸಲಹೆ ಬೇರೆ. ರೊಕ್ಕಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಈ ಸಲಹೆಗೆ.

ಮೈಕೋರೈಜಾ ಶಿಲೀಂಧ್ರ ಬೇರಿನೊಳಗೆ ಸುಮ್ನೆ ಹೊಕ್ಕುವುದಿಲ್ಲ, ಗಿಡ ಕರೆಯಬೇಕು. ರಂಜಕ ಸಾಲದಾದಾಗ ಬೇರು ಸ್ಟ್ರೈಗೋಲ್ಯಾಕ್ಟೋನ್ ಎಂಬ ರಾಸಾಯನಿಕವನ್ನು ಮಣ್ಣಿಗೆ ಬಿಡುತ್ತದೆ. ಅದು ತಾಗಿದರೆ ಶಿಲೀಂಧ್ರದ ಎಳೆಗಳು ಕವಲೊಡೆಯುತ್ತವೆ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿದರು. ಜೋಳದ ಬೇರು ಹಿಂಡುವ ಸ್ಟ್ರೈಗಾ ಕಸದ ಬೀಜ ಮೊಳೆಯುವುದೂ ಇದಕ್ಕೇ. ಬೀಗರಿಗೆ ಹೇಳಿ ಕಳಿಸಿದರೆ ಕಳ್ಳನೂ ಊಟಕ್ಕೆ ಬಂದ ಹಾಗೆ!

ಶಿಲೀಂಧ್ರವೂ ತನ್ನ ಕಡೆಯಿಂದ ರಾಸಾಯನಿಕ ಉತ್ತರ ಕಳಿಸುತ್ತದೆ. ಅದು ತಲುಪಿದಾಗ ಬೇರಿನ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಮಟ್ಟ ಮತ್ತೆ ಮತ್ತೆ ಏರಿಳಿಯುತ್ತದೆ, ಒಳಗೆ ಬಿಟ್ಟುಕೊಳ್ಳಲು ಬೇಕಾದ ಜೀನ್‌ಗಳು ಚುರುಕಾಗುತ್ತವೆ. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ನನ್ನ ಮಗಳು ಈರುಳ್ಳಿ ಬೇರಿಗೆ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದ್ದಳು. ಕೋಶದ ಗೋಡೆ ದಾಟಿದ ಒಂದು ಎಳೆ, ಒಳಗೆ ಕವಲಿಗೆ ಕವಲು, ತುದಿಗಳು ಕಾಣದಷ್ಟು ಸಣ್ಣ. ಕೊಡುಕೊಳ್ಳು ನಡೆಯುವುದು ಅಲ್ಲೇ. ಗಿಡಕ್ಕೆ ರಂಜಕ, ಶಿಲೀಂಧ್ರಕ್ಕೆ ಸಕ್ಕರೆ ಮತ್ತು ಕೊಬ್ಬು. ಕೊಬ್ಬಿನಾಮ್ಲವನ್ನು ತಾನೇ ಮಾಡಿಕೊಳ್ಳಲು ಇದಕ್ಕೆ ಬರುವುದಿಲ್ಲ, ಗಿಡವೇ ಉಣಿಸಬೇಕು.

ಈಗ ಡಿಎಪಿಗೆ ಬನ್ನಿ. ಚೀಲದ ಮೇಲೆ 18-46 ಅಂತ ಇರುತ್ತದಲ್ವಾ, ಆ 46 ರಂಜಕದ ಲೆಕ್ಕ. ಅದನ್ನು ಬುಡಕ್ಕೇ ಸುರಿದರೆ ಗಿಡಕ್ಕೆ ರಂಜಕದ ಚಿಂತೆ ಇಲ್ಲ. ಸ್ಟ್ರೈಗೋಲ್ಯಾಕ್ಟೋನ್ ಬಿಡುವುದು ಕಡಿಮೆಯಾಗುತ್ತದೆ, ಶಿಲೀಂಧ್ರಕ್ಕೆ ಬಾಗಿಲು ತೆರೆಯುವ ಜೀನ್‌ಗಳೂ ಮಂಕಾಗುತ್ತವೆ. ಹಂಗಾದರೆ ಪ್ಯಾಕೆಟ್ ಯಾರಿಗೆ?

ಡಿಎಪಿ ಬೇಡವೇ ಬೇಡ ಅಂತಲ್ಲ. ರಂಜಕ ತೀರಾ ಕಡಿಮೆ ಇರುವ ಹೊಲಕ್ಕೆ ಬೇಕೇ ಬೇಕು. ಆದರೆ ಮಣ್ಣು ಆರೋಗ್ಯ ಕಾರ್ಡ್‌ನಲ್ಲಿ ರಂಜಕ ಎಷ್ಟಿದೆ ಅಂತ ಅಂಗಡಿಯಲ್ಲಿ ಒಬ್ಬರೂ ಕೇಳಲಿಲ್ಲ. ನನ್ನ ಹಿಂದೆ ನಿಂತಿದ್ದ ಎಲೆಕೋಸಿನ ರೈತರಿಗೂ ಅದೇ ಪ್ಯಾಕೆಟ್! ಎಲೆಕೋಸು, ಸಾಸಿವೆ ಜಾತಿಯ ಗಿಡಗಳು ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದೇ ಇಲ್ಲ.

ಪಾಳಿಯ ಫೋಟೊ ಹಾಕುವಾಗ ಈ ‘ಲಿಂಕ್’ ಬಗ್ಗೆಯೂ ಬರೆಯಿರಿ. ಯಾವ ಬೆಳೆಗೆ, ಎಷ್ಟು ರಂಜಕವಿರುವ ಹೊಲಕ್ಕೆ ಮೈಕೋರೈಜಾ ಹಾಕಬೇಕು ಅಂತ ಕೃಷಿ ಇಲಾಖೆಯವರು ಪ್ರತಿ ಗೊಬ್ಬರದಂಗಡಿಯಲ್ಲೂ ಬೋರ್ಡ್ ಹಾಕಿಸಲಿ.

— ಒಬ್ಬ ಮೆಣಸಿನಕಾಯಿ ಬೆಳೆಗಾರ, ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ