ಮೊದಲು ಅವ್ವನಿಗೆ ಕನ್ನಡಕ ಮಾಡಿಸು

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಮೊನ್ನೆ ಫೋನಿನಲ್ಲಿ ನೀನು, "ಅವ್ವನಿಗೆ ಈ ವಯಸ್ಸಿನಲ್ಲಿ ಅಕ್ಷರ ಏಕೆ? ಮೊಬೈಲೇ ಓದಿ ಹೇಳುತ್ತದೆ, ಬ್ಯಾಂಕಿಗೆ ನಾನಿದ್ದೇನೆ" ಎಂದೆ. ಆಕೆ ನಿನ್ನ ಪಕ್ಕದಲ್ಲೇ ಕೂತಿರಬಹುದೆಂದು ನಾನು ವಾದಕ್ಕಿಳಿಯಲಿಲ್ಲ.

ನೀನಿದ್ದೀಯ, ನಿಜ. ಆದರೆ ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ಎಷ್ಟು ಕಂತು ಬಾಕಿ ಎಂದು ತಿಳಿಯಲು ಆಕೆ ಪಕ್ಕದ ಮನೆಯ ಹುಡುಗಿಯನ್ನು ಕರೆಯಬೇಕು. ಹಾಗೆ ಕರೆದರೆ ಸಾಲದ ಲೆಕ್ಕ ಓಣಿಗೆಲ್ಲ ಗೊತ್ತಾಗುತ್ತದೆ. ಬಿ.ಪಿ. ಮಾತ್ರೆಯನ್ನು ಹಾಳೆಯ ಬಣ್ಣ ನೋಡಿ ಗುರುತು ಹಿಡಿಯುತ್ತಾಳೆ. ಅಂಗಡಿಯವನು ಬೇರೆ ಕಂಪನಿಯದು ಕೊಟ್ಟ ದಿನ ಏನು ಗತಿ? ಸಹಿ ಬರುತ್ತದಲ್ಲ ಎನ್ನಬೇಡ. ಜನಗಣತಿಯವರೂ ಬರೀ ಸಹಿಯನ್ನು ಒಪ್ಪುವುದಿಲ್ಲ, ಅರ್ಥ ತಿಳಿದು ಓದಲೂ ಬರೆಯಲೂ ಬರಬೇಕು. ಆ ಲೆಕ್ಕದಲ್ಲಿ 2011ರಲ್ಲಿ ನಮ್ಮ ರಾಜ್ಯದ ಹೆಂಗಸರಲ್ಲಿ ಸಾಕ್ಷರರು ನೂರಕ್ಕೆ 68 ಮಂದಿ. ಉಳಿದವರಲ್ಲಿ ನಿನ್ನ ಅವ್ವನೂ ಒಬ್ಬಳು.

ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಾನು ರಾತ್ರಿ ಹೊತ್ತು ಕಲಿಸುತ್ತಿದ್ದದ್ದು ನಿನಗೆ ಗೊತ್ತು. ಕೆಲವು ಹೆಂಗಸರು ಸ್ವಲ್ಪ ದಿನ ಬಂದು, ತಲೆಗೆ ಹತ್ತುವುದಿಲ್ಲ ಎಂದು ನಿಂತುಬಿಡುತ್ತಿದ್ದರು. ಒಬ್ಬಾಕೆ ಸ್ಲೇಟನ್ನು ತೋಳು ಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಓದುವುದನ್ನು ಕಂಡಾಗಲೇ ಗೊತ್ತಾದದ್ದು: ತಲೆ ಚೆನ್ನಾಗಿಯೇ ಇದೆ, ಚಾಳೀಸು ಬಂದಿದೆ! ಆದ್ದರಿಂದ ಪಾಠಕ್ಕೆ ಮೊದಲು ಕನ್ನಡಕ. ಕಣ್ಣು ಕಾಣುವುದಿಲ್ಲ ಎಂದು ಆಕೆ ಬಾಯಿಬಿಟ್ಟು ಹೇಳುವುದಿಲ್ಲ, ನೀನೇ ಕರೆದುಕೊಂಡು ಹೋಗು.

ಅ ಆ ಇ ಈ ಎಂದು ಶುರುಮಾಡಬೇಡ. ನಿನ್ನ ಮಗಳು ಒಂದನೇ ತರಗತಿಯ ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಕಲಿತಳಲ್ಲ, ಅದೇ ಸರಿ. ಆ ಐದರಲ್ಲೇ ಸರ, ರಸ, ಅರಸ, ದಸರ, ಗರಗಸ ಎಲ್ಲ ಬಂದುಬಿಡುತ್ತವೆ. ಕೂತ ಮೊದಲ ದಿನವೇ ಒಂದು ಪದ ಓದಿದವರು ಮರುದಿನ ತಾವಾಗಿಯೇ ಬಂದು ಕೂರುತ್ತಾರೆ.

ಮಗಳನ್ನು ಜೊತೆಗೆ ಕೂರಿಸು, ಆದರೆ ಅಜ್ಜಿಗೆ ಮೇಡಂ ಮಾಡಬೇಡ. ಮೊಮ್ಮಗಳು "ಇಷ್ಟೂ ಬರುವುದಿಲ್ಲವಾ ಅಜ್ಜಿ" ಎಂದು ಒಮ್ಮೆ ನಕ್ಕರೆ ಸಾಕು, ಆಕೆ ಅಡುಗೆ ಮನೆಗೆ ಎದ್ದು ಹೋಗುತ್ತಾಳೆ. ಅದರ ಬದಲು ಹೀಗೆ ಮಾಡು. ನಿನ್ನ ಅವ್ವನಿಗೆ ಬಾಯಿತುಂಬ ಒಗಟುಗಳಿವೆ. ದಿನಕ್ಕೊಂದು ಹೇಳಲಿ, ಮಗು ದೊಡ್ಡದಾಗಿ ಬರೆಯಲಿ, ತಪ್ಪಿದ್ದರೆ ನೀನೋ ನಿನ್ನ ಹೆಂಡತಿಯೋ ತಿದ್ದಿ. ಆಮೇಲೆ ಅದನ್ನೇ ಅಜ್ಜಿ ಬೆರಳಿಟ್ಟು ಓದಲಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಯಾವುದೆಂದು ಕಣ್ಣಿಗಿಂತ ಮೊದಲು ಬಾಯಿಗೆ ಗೊತ್ತಿರುತ್ತದೆ. ಅಕ್ಷರ ಅದರ ಹಿಂದೆಯೇ ಬರುತ್ತದೆ. ಓದಲು ಕೂರು ಎಂದು ಮಗುವನ್ನು ಗದರಿಸುವುದೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ವಯಸ್ಸಾಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ನಿನ್ನ ಅವ್ವನಿಗೆ ಇನ್ನೂ ಅರವತ್ತು. ಕೇಂದ್ರ ಸರ್ಕಾರದ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮ 15 ವರ್ಷ ದಾಟಿದವರಿಗೆಲ್ಲ ಇದೆ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ವಿಚಾರಿಸು. ಪರೀಕ್ಷೆ ಬರೆಯುವುದು ಬಿಡುವುದು ಆಕೆಯ ಇಷ್ಟ.

ಒಂದು ಎಚ್ಚರಿಕೆ. ನಮ್ಮ ಆಂದೋಲನದಲ್ಲಿ ಕಲಿತ ಎಷ್ಟೋ ಜನ ಮತ್ತೆ ಹೆಬ್ಬೆಟ್ಟಿಗೇ ಮರಳಿದರು, ಓದಲು ಮನೆಯಲ್ಲಿ ಏನೂ ಇರಲಿಲ್ಲ. ಕನ್ನಡ ದಿನಪತ್ರಿಕೆ ತರಿಸು. ಮೊದಮೊದಲು ತಲೆಬರಹಗಳಷ್ಟೇ ಸಾಕು. ಸಂಘದ ಪುಸ್ತಕವನ್ನು ಮಾತ್ರ ನೀನು ಓದಿ ಹೇಳಲು ಹೋಗಬೇಡ, ತಡವಾದರೂ ಆಕೆಯೇ ಓದಲಿ. ಪತ್ರಿಕೆಯ ಚಂದಾ ನಾನು ಕಟ್ಟುತ್ತೇನೆ, ಯಾವುದು ಬೇಕೆಂದು ಅವ್ವನನ್ನು ಕೇಳಿ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ